ದೇಟಿಲ್ಲದ ಹೂಗಳ ಪೇಟೆ

ದಾದರ್ ಸ್ಟೇಶನ್ನಿನ ಪಶ್ಚಿಮಕ್ಕೆ, ಸೇನಾಪತಿ ಬಾಪಟ್ ಮಾರ್ಗದ ಬದಿಯಲ್ಲಿ ನಸುಕಿಗೇ ನೆರೆಯುವ ಹೂವಿನ ಪೇಟೆಯಲ್ಲಿ ರಾಶಿ ಬೀಳುವ ಹೂಗಳಲ್ಲಿ ಹೆಚ್ಚಿನವಕ್ಕೆ ದೇಟಿರುವುದಿಲ್ಲ. ಮುಂಬಯಿಗರು ಝೆಂಡು ಎನ್ನುವ ಚೆಂಡುಹೂವನ್ನೂ ಸೇವಂತಿಗೆಯನ್ನೂ ಕಿಲೋ ಲೆಕ್ಕದಲ್ಲಿ ತೂಗುತ್ತಾರೆ. ಬುಟ್ಟಿಯಲ್ಲಿ ಬಂದ ಮೊಗ್ರಾ ಗಜರಾ ಆಗಿ ಹೊರಡುತ್ತದೆ. ದೇಟಿಲ್ಲದ ಹೂವನ್ನು ಪೋಣಿಸಬಹುದು, ರಾಶಿ ಹಾಕಬಹುದು, ಎರಚಬಹುದು, ನೀರಿನಲ್ಲಿ ನಿಲ್ಲಿಸಲಾಗದು. ಇಷ್ಟು ಹೂ ಕೊಳ್ಳುವ ಊರಿನಲ್ಲಿ, ಮನೆಯಂಗಳದ ಎರಡು ರೆಂಬೆ, ಒಂದು ಹೂ ತಂದು ತಟ್ಟೆಯ ನೀರಿನಲ್ಲಿ ನಿಲ್ಲಿಸುವ ಇಕೆಬಾನ ಇಂದಿಗೂ ಪುಷ್ಪಪ್ರದರ್ಶನದ ಮೇಜಿಗೆ, ಹವ್ಯಾಸದ ತರಗತಿಗೆ ಸೀಮಿತವಾಗಿರುವುದೇಕೆ? ಇದಕ್ಕೆ ಸಿದ್ಧವಾಗಿರುವ ಉತ್ತರಗಳು ಎರಡು. ನಮ್ಮ ಅಭಿರುಚಿಯೇ ಬೇರೆ ಎಂಬುದು ಒಂದು. ಮುಂಬಯಿಯಲ್ಲಿ ಜಾಗವೆಲ್ಲಿದೆ ಎಂಬುದು ಇನ್ನೊಂದು. ಇತಿಹಾಸವನ್ನು ನೋಡಿದರೆ ಎರಡೂ ಅರ್ಧಕ್ಕೇ ನಿಲ್ಲುತ್ತವೆ. ಈ ಊರು ಗಿಡ ಬೆಳೆಸುವ ಕೈಯನ್ನೂ ಹೂ ಬಳಸುವ ಕೈಯನ್ನೂ ಮೂರು ಹಂತಗಳಲ್ಲಿ ಬೇರ್ಪಡಿಸಿತು: ಮೊದಲು ಕಂದಾಯದ ಲೆಕ್ಕ, ಆಮೇಲೆ ಬಡಾವಣೆಯ ನಕ್ಷೆ, ಕೊನೆಗೆ ಪೇಟೆಯ ಸಾಗಣೆ. ಈ ಬೇರ್ಪಡಿಕೆಯಲ್ಲಿ ಕಳೆದುಹೋದದ್ದೇ ದೇಟು. ಹಿತ್ತಲಿನ ಇಕೆಬಾನವನ್ನು ಪರದೇಶದ ಅಲಂಕಾರವೆಂದು ನೋಡುವುದಕ್ಕಿಂತ, ಆ ಬೇರ್ಪಡಿಕೆಗೆ ಎದುರಾಗಿ ನಿಲ್ಲುವ ಮನೆವಾರ್ತೆಯ ಅಭ್ಯಾಸವೆಂದು ನೋಡುವುದು ಹೆಚ್ಚು ಸರಿ ಎಂಬುದು ಈ ಬರಹದ ವಾದ.

ಮೊದಲು ಈ ಕಲೆ ಕೇಳುವುದೇನು ಎಂಬುದನ್ನು ತಿಳಿಯಬೇಕು. ಇಕೆಬಾನದಲ್ಲಿ ಹೂವಿಗಿಂತ ರೆಂಬೆಯೇ ಯಜಮಾನ. 1927ರಲ್ಲಿ ತೆಶಿಗಹಾರಾ ಸೋಫು ಆರಂಭಿಸಿದ ಸೋಗೆತ್ಸು ಪಂಥದ ಮೊದಲ ಪಾಠದಲ್ಲಿ ಮೂರು ಕಡ್ಡಿಗಳಿರುತ್ತವೆ: ಶಿನ್, ಸೋಯೆ, ಹಿಕಾಯೆ. ಪಾತ್ರೆಯ ಅಗಲ ಮತ್ತು ಎತ್ತರವನ್ನು ಕೂಡಿಸಿ ಅದರ ಒಂದೂವರೆಯಿಂದ ಎರಡು ಪಟ್ಟು ಉದ್ದಕ್ಕೆ ಶಿನ್ ಕಡ್ಡಿಯನ್ನು ಕತ್ತರಿಸುತ್ತಾರೆ. ಅದರ ಮುಕ್ಕಾಲು ಪಾಲು ಸೋಯೆ. ಮೂರನೆಯದು ಇನ್ನೂ ಗಿಡ್ಡ. ಕಡ್ಡಿಯ ಬುಡವನ್ನು ನೀರಿನೊಳಗೇ ಕತ್ತರಿಸಿ, ಕೆಂಜಾನ್ ಎಂಬ ಮುಳ್ಳುಗಳ ಲೋಹದ ಬಿಲ್ಲೆಗೆ ಚುಚ್ಚಿ, ಬೇಕಾದ ಓರೆಗೆ ನಿಲ್ಲಿಸುತ್ತಾರೆ. ಮೊಗ್ಗು, ಅರೆಬಿರಿದ ಹೂ, ಹುಳು ತಿಂದ ಎಲೆ, ಒಣಗಿದ ಕೊಂಬೆ ಎಲ್ಲಕ್ಕೂ ಇಲ್ಲಿ ಸ್ಥಾನವಿದೆ. ಹದಿನಾರನೆಯ ಶತಮಾನದಲ್ಲೇ ಕ್ಯೋಟೋದ ಇಕೆನೊಬೊ ಸೆನ್ನೋ, ಚೆಂದದ ಹೂವನ್ನು ಕುಡಿಕೆಗೆ ಹಾಕಿ ಸವಿಯುವುದಷ್ಟೇ ಈ ವಿದ್ಯೆಯಲ್ಲ, ಗುಡ್ಡದಲ್ಲಿ ನೀರಿನ ದಡದಲ್ಲಿ ಗಿಡ ಹೇಗೆ ನಿಂತಿರುತ್ತದೋ ಆ ನಿಲುವನ್ನು ಮನೆಯೊಳಗೆ ತೋರುವುದು ಎಂದು ಶಿಷ್ಯರಿಗೆ ತಿಳಿಸಿದ್ದ. ಹಾಗಾದರೆ ಇದನ್ನು ಮಾಡುವವರಿಗೆ ಬೇಕಾದದ್ದು ಹೂವಿಗಿಂತ ಹೆಚ್ಚಾಗಿ ಗಿಡದ ಪರಿಚಯ: ಯಾವ ರೆಂಬೆ ಯಾವ ಕಡೆ ಬಾಗುತ್ತದೆ, ಯಾವ ತಿಂಗಳಲ್ಲಿ ಎಲೆ ಉದುರುತ್ತದೆ, ಯಾವುದು ಹಾಲು ಸುರಿಸುತ್ತದೆ ಎಂಬ ತಿಳಿವಳಿಕೆ. ಪೇಟೆಯಲ್ಲಿ ಸಿಗದಿರುವುದು ಅದೇ.

ಮುಂಬಯಿಗೆ ಆ ಪರಿಚಯ ಹೊಸದಲ್ಲ. ಈ ದ್ವೀಪದ ಮನೆತೋಟದ ಅತ್ಯಂತ ಹಳೆಯ ದಾಖಲೆಗಳಲ್ಲೊಂದು ಒಬ್ಬ ಸಸ್ಯಪಂಡಿತನದೇ. 1534ರಲ್ಲಿ ಗೋವೆಗೆ ಬಂದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1550ರ ದಶಕದಲ್ಲಿ ಮುಂಬಯಿ ದ್ವೀಪವನ್ನೇ ಗೇಣಿಗೆ ಪಡೆದಿದ್ದ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಅವನ ಔಷಧಸಸ್ಯಗಳ ಸಂವಾದಗ್ರಂಥದಲ್ಲಿ, ಆ ದ್ವೀಪದ ತನ್ನ ಒಂದು ಮಾವಿನ ಮರ ವರ್ಷಕ್ಕೆರಡು ಬಾರಿ ಫಲ ಕೊಡುತ್ತದೆಂಬ ಹೆಮ್ಮೆಯಿದೆ. ಇರುಳಲ್ಲಿ ಅರಳಿ ಬೆಳಗಿಗೆ ಉದುರುವ ಪಾರಿಜಾತದ ವರ್ಣನೆಯೂ ಇದೆ. ಅವನು ಕಟ್ಟಿಸಿದ ಬಂಗಲೆಯೇ ಮುಂದೆ ಇಂಗ್ಲಿಷರ ಕೋಟೆಯ ಗರ್ಭವಾಯಿತು. 1665ರಲ್ಲಿ ದ್ವೀಪ ಇಂಗ್ಲಿಷರ ಕೈಗೆ ಬಂದು, 1668ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಾಲಾದ ಮೇಲೆ, 1670ರ ದಶಕದಲ್ಲಿ ಇಲ್ಲಿ ಬಂದಿಳಿದ ವೈದ್ಯ ಜಾನ್ ಫ್ರೈಯರ್ ಆ ತೋಟದ ಕಥೆಯ ಮುಂದಿನ ಅಧ್ಯಾಯವನ್ನು ಬರೆದಿಟ್ಟಿದ್ದಾನೆ. ಭಾರತದಲ್ಲೇ ಬಹು ಸೊಗಸಾದದ್ದೆಂದು ಹೆಸರಾಗಿದ್ದ ಉದ್ಯಾನವಂತೆ ಅದು. ಅದರ ಲತಾಮಂಟಪಗಳನ್ನು, ನೆರಳಿನ ಕಾಲುದಾರಿಗಳನ್ನು ಬುರುಜು, ತೋಪಿನ ನೆಲೆಗಳನ್ನಾಗಿ ಮಾಡಲಾಯಿತಂತೆ. ಮನೆತೋಟ ಮಣ್ಣಿನ ಬೇರೆ ಬಳಕೆಗೆ ಸೋಲುವುದು ಈ ಊರಿನಲ್ಲಿ ಮುನ್ನೂರೈವತ್ತು ವರ್ಷದ ಹಳೆಯ ಕಥೆ.

ಸಾಮಾನ್ಯರ ತೋಟಗಳು ಬೇರೆ ಬಗೆಯವು. ಗಿರ್ಗಾಂವ್‌ನಿಂದ ಮಾಹಿಮ್‌ವರೆಗೆ ದ್ವೀಪದ ಪಶ್ಚಿಮದ ಅಂಚೆಲ್ಲ ತೆಂಗಿನ ವಾಡಿಗಳಾಗಿತ್ತು. ತೋಟಕ್ಕೆ ಪೋರ್ಚುಗೀಸರು ಹೇಳುತ್ತಿದ್ದ ಹೊರ್ತಾ ಎಂಬ ಮಾತು ಇಂಗ್ಲಿಷರ ಬಾಯಲ್ಲಿ ಓರ್ಟ್ ಆಗಿ, ಮುಂಬಯಿಯ ಜಮೀನು ಕಾಗದಗಳಲ್ಲಿ ಬಹುಕಾಲ ಉಳಿಯಿತು. ಭಂಡಾರಿಗಳು ಮರ ಹತ್ತಿ ಕಳ್ಳಿಳಿಸುತ್ತಿದ್ದರು. ಸರಕಾರ ಅದರ ಮೇಲೆ ಕರ ಎತ್ತುತ್ತಿತ್ತು. ತೆಂಗಿನ ಬುಡಕ್ಕೆ ಸಣ್ಣ ಮೀನನ್ನು ಕೊಳೆಸಿ ಗೊಬ್ಬರ ಹಾಕುವ ಪದ್ಧತಿಯೇ ದ್ವೀಪದ ರೋಗಗಳಿಗೆ ಕಾರಣವೆಂದು ನಂಬಿ ಹದಿನೆಂಟನೆಯ ಶತಮಾನದಲ್ಲಿ ಕಂಪನಿ ಅದನ್ನು ನಿಷೇಧಿಸಿದ್ದೂ ಉಂಟು. ಇಲ್ಲಿ ಗಮನಿಸಬೇಕಾದದ್ದು, ಆಳುವವರ ದಾಖಲೆಗೆ ಈ ವಾಡಿಯಲ್ಲಿ ಬರುವ ಗಿಡ ಒಂದೇ ಎಂಬುದು. ತೆಂಗಿನ ಮರ ಲೆಕ್ಕಕ್ಕೆ ಸಿಗುತ್ತದೆ; ಬೇಲಿಯ ದಾಸವಾಳ, ಬಾವಿಕಟ್ಟೆಯ ಕರವೀರ, ಬಚ್ಚಲ ನೀರಿಗೆ ಬೆಳೆದ ಕೇನೆ, ತುಳಸಿ ಲೆಕ್ಕಕ್ಕೆ ಸಿಗುವುದಿಲ್ಲ. ಕರ ತರದ ಗಿಡಕ್ಕೆ ಪರಿಹಾರವೂ ಇಲ್ಲ. ಮುಂದೆ ವಾಡಿಗಳನ್ನು ಕೊಂಡು ಕಡಿಯುವ ಕಾಲ ಬಂದಾಗ ಮರಕ್ಕೆ ಬೆಲೆ ಕಟ್ಟಿದವರು ಇದ್ದರು, ಬೇಲಿಗೆ ಬೆಲೆ ಕಟ್ಟಿದವರು ಇರಲಿಲ್ಲ. ಹಿತ್ತಲಿನ ಹೂವಿನ ನಾಶಕ್ಕೆ ನಮ್ಮಲ್ಲಿ ಅಂಕಿಅಂಶವಿಲ್ಲದಿರುವುದು ಆಕಸ್ಮಿಕವಲ್ಲ. ಅದು ಮೊದಲಿನಿಂದಲೂ ಎಣಿಕೆಯ ಹೊರಗೇ ಇತ್ತು.

ಎರಡನೆಯ ಹಂತ ಹತ್ತೊಂಬತ್ತನೆಯ ಶತಮಾನದ್ದು. ಪಶ್ಚಿಮ ಭಾರತದ ಕೃಷಿ-ತೋಟಗಾರಿಕಾ ಸೊಸೈಟಿ ಶಿವಡಿಯಲ್ಲಿ ಬೆಳೆಸಿದ್ದ ಸಸ್ಯೋದ್ಯಾನ ಸ್ಮಶಾನಭೂಮಿಯಾಯಿತು. ಅದರ ಬದಲಿಗೆ ಭಾಯ್ಖಳಾದಲ್ಲಿ 1862ರಲ್ಲಿ ವಿಕ್ಟೋರಿಯಾ ಗಾರ್ಡನ್ಸ್ ತೆರೆಯಿತು. ಇಂದಿನ ವೀರಮಾತಾ ಜಿಜಾಬಾಯಿ ಭೋಸಲೆ ಉದ್ಯಾನ, ಜನರ ಬಾಯಲ್ಲಿ ರಾಣಿಬಾಗ್, ಅದೇ. ಸಾರ್ವಜನಿಕ ಉದ್ಯಾನ ದೊಡ್ಡ ಕೊಡುಗೆ, ಅನುಮಾನವಿಲ್ಲ. ಆದರೆ ಅಲ್ಲಿ ಗಿಡ ನೋಡುವ ವಸ್ತು. ಅದರ ಕಡ್ಡಿಗೆ ಕೈ ಹಾಕುವಂತಿಲ್ಲ. 1896ರ ಪ್ಲೇಗಿನ ನಂತರ, 1898ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಇಕ್ಕಟ್ಟಾದ ಕೇರಿಗಳನ್ನು ಒಡೆದು ರಸ್ತೆ ತೆಗೆಯಿತು, ಉತ್ತರದ ಗದ್ದೆ ತೋಟಗಳಲ್ಲಿ ದಾದರ್, ಮಾಟುಂಗಾ ಬಡಾವಣೆಗಳನ್ನು ಎಬ್ಬಿಸಿತು. ಬಟ್ಟೆಗಿರಣಿಗಳ ಸೀಮೆಯಾದ ಗಿರಣಿಗಾಂವ್‌ನ ಚಾಳುಗಳಲ್ಲಿ ಒಂದು ಖೋಲಿ, ಸಾಲಾದ ವರಾಂಡ, ಹಂಚಿಕೊಂಡ ನಲ್ಲಿ. ಗಿಡಕ್ಕೆ ಉಳಿದದ್ದು ಕಟಕಟೆಯ ಮೇಲಿನ ಡಬ್ಬಿ. ಮಾಟುಂಗಾದಂಥ ಬಡಾವಣೆಯಲ್ಲಿ ಬೀದಿಮರಗಳು, ಪಾರ್ಸಿ ಕಾಲನಿಯ ಬಳಿ ಫೈವ್ ಗಾರ್ಡನ್ಸ್ ಬಂದವು. ಗಿಡ ಒಂದೋ ಸರಕಾರದ್ದಾಯಿತು, ಇಲ್ಲವೇ ಡಬ್ಬಿಗೆ ಇಳಿಯಿತು. ನಡುವಿನ ಹಿತ್ತಲು ಉಳಿದದ್ದು ಖೋತಾಚಿವಾಡಿ, ಮಾಥಾರ್‌ಪಾಖಾಡಿ, ಬಾಂದ್ರಾದ ಗಾವಠಾಣಗಳಂಥ ಕೆಲವೇ ಕಡೆ.

ಹಿತ್ತಲು ಹೋದರೂ ಹೂವಿನ ಬೇಡಿಕೆ ಹೋಗಲಿಲ್ಲ. ಆಗ ಪೇಟೆ ಬಂತು. ಭುಲೇಶ್ವರದ ಫೂಲ್ ಗಲ್ಲಿ, ಆಮೇಲೆ ದಾದರ್. ವಸಯಿಯ ವಾಡಿಗಳಿಂದ ಮೊಗ್ರಾ, ಚಾಫಾ, ವೀಳ್ಯದೆಲೆ ಬೆಳಗಿನ ರೈಲಿನಲ್ಲಿ ಬರತೊಡಗಿದವು. ಕನ್ನಡ, ತುಳು ನಾಡಿನಿಂದ ಬಂದು ನೆಲೆಸಿದ ನಮ್ಮವರ ಪಾಲೂ ಈ ಬೇಡಿಕೆಯಲ್ಲಿದೆ. ಮೊಗವೀರರು 1902ರಲ್ಲೇ ಮುಂಬಯಿಯಲ್ಲಿ ಮಂಡಳಿ ಕಟ್ಟಿದ್ದರು. 1926ರಲ್ಲಿ ಮೈಸೂರು ಅಸೋಸಿಯೇಶನ್ ಹುಟ್ಟಿತು. ಮಾಟುಂಗಾ ಸ್ಟೇಶನ್ ಸುತ್ತ ದಕ್ಷಿಣದವರಿಗೆಂದೇ ಮಲ್ಲಿಗೆ, ಕನಕಾಂಬರ ಕಟ್ಟಿ ಮಾರುವ ಅಂಗಡಿಗಳು ನೆಲೆಯೂರಿದವು. ಉಡುಪಿಯ ಬಳಿಯ ಶಂಕರಪುರದ ಮಲ್ಲಿಗೆ ರಾತ್ರಿ ಬಸ್ಸು, ರೈಲು ಹತ್ತಿ ಮುಂಬಯಿಯ ಮದುವೆಗೂ ನೇಮ-ಪೂಜೆಗೂ ಬಂತು. ಅದು ಇಂದಿಗೂ ಬಹುಮಟ್ಟಿಗೆ ಮನೆಯಂಗಳದ ಬೆಳೆ. ಮನೆಮಂದಿ ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂ ಕೊಳ್ಳುವ ಕಟ್ಟೆಗೆ ಒಯ್ಯುತ್ತಾರೆ. ಸುಮಾರು 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನದಿನಕ್ಕೆ ನಿಗದಿಯಾಗುತ್ತದೆ. ಹಾಗಾದರೆ ಮುಂಬಯಿಯ ಕನ್ನಡ, ತುಳು ಮನೆಗಳು ಹಿತ್ತಲಿನ ಹೂವನ್ನು ಬಿಟ್ಟುಕೊಡಲಿಲ್ಲ. ಆ ಹಿತ್ತಲು ಮಾತ್ರ ಎಂಟುನೂರು-ಒಂಬೈನೂರು ಕಿಲೋಮೀಟರ್ ದೂರದ ಬೇರೊಬ್ಬರ ಮನೆಯದಾಯಿತು. ಅಷ್ಟು ದೂರ ಸಾಗುವ ಹೂವಿಗೆ ದೇಟು ಹೊರೆ, ಎಲೆ ಕೊಳೆಯುವ ಕಸ. ಮಾಲೆಯ ಆಕಾರಕ್ಕೆ ಭಕ್ತಿ, ಅಭಿರುಚಿ ಎಷ್ಟು ಕಾರಣವೋ ಸಾಗಣೆಯೂ ಅಷ್ಟೇ ಕಾರಣ. 1990ರ ದಶಕದಿಂದ ಪುಣೆಯ ಸುತ್ತಣ ಪಾಲಿಹೌಸುಗಳ ಗುಲಾಬಿ, ಜರ್ಬೆರಾ ಉದ್ದ ಕಡ್ಡಿಯೊಂದಿಗೆ ಬಂದವು ನಿಜ. ಅವು ಒಂದೇ ಅಳತೆಯ ನೆಟ್ಟನೆ ಕಡ್ಡಿಗಳು, ಗಾಳಿಗೂ ಬಿಸಿಲಿಗೂ ಬಾಗಿ ಬೆಳೆದವಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ನಮ್ಮ ಸಂಪ್ರದಾಯ ದಳ ಮತ್ತು ಪರಿಮಳದ್ದು, ರೆಂಬೆಯ ರುಚಿ ನಮಗೆಲ್ಲಿಯದು? ಮುಂಬಯಿಯ ಹಬ್ಬಗಳೇ ಇದಕ್ಕೆ ಉತ್ತರ. ಗುಡಿಪಾಡ್ವಾಕ್ಕೆ ಗುಡಿಯ ತುದಿಯಲ್ಲಿ ಬೇವಿನ ಟೊಂಗೆ, ದಸರೆಗೆ ನಮ್ಮ ಬನ್ನಿಯಂತೆ ಕೈಯಿಂದ ಕೈಗೆ ದಾಟುವ ಆಪ್ಟಾದ ಎಲೆ, ಬಾಗಿಲಿಗೆ ಮಾವಿನ ತೋರಣ, ಗಣಪತಿಗೆ ಇಪ್ಪತ್ತೊಂದು ಬಗೆಯ ಪತ್ರಿ. ಎಲ್ಲಕ್ಕಿಂತ ಬಲವಾದ ಸಾಕ್ಷಿ ಗೌರಿ: ಕೊಂಕಣದ ಅನೇಕ ಮನೆಗಳಲ್ಲಿ ತೇರಡಾದ, ಎಂದರೆ ಕರ್ಣಕುಂಡಲದ, ಗಿಡಗಳನ್ನು ಬೇರುಸಹಿತ ಕಿತ್ತು ತಂದು, ಕಟ್ಟಿ, ಅದನ್ನೇ ದೇವಿಯೆಂದು ಮನೆಯೊಳಗೆ ಕರೆದುಕೊಳ್ಳುತ್ತಾರೆ. ಅಲ್ಲಿ ಹೂವಿನಷ್ಟೇ ಕಾಂಡ, ಬೇರು ಪೂಜ್ಯ. ಇಪ್ಪತ್ತೊಂದು ಪತ್ರಿಯನ್ನು ಗುರುತಿಸಬಲ್ಲವರಿಗೆ ಎಲೆಯ ಅಂಚು, ನರ, ವಾಸನೆ ತಿಳಿದಿರಲೇಬೇಕು. ಈ ವಿದ್ಯೆಯೂ ಈಗ ಪೇಟೆಗೆ ಹೋಗಿದೆ. ದಾದರ್‌ನ ಫುಟ್‌ಪಾತಿನ ಮೇಲೆ ಪಾಲ್ಘರ್, ಕರ್ಜತ್ ಕಡೆಯ ಆದಿವಾಸಿ ಹೆಂಗಸರು ತರುವ ಪತ್ರಿಯ ಕಟ್ಟನ್ನು ಬಿಚ್ಚಿ ನೋಡದೆಯೇ ಅರ್ಪಿಸುವವರು ಹೆಚ್ಚು. ಆಪ್ಟಾ ಎಂದು ಕಂಚುವಾಳದ ಎಲೆಯನ್ನು ಕೊಟ್ಟರೂ ಕೊಳ್ಳುವವರಿಗೆ ತಿಳಿಯುವುದಿಲ್ಲ. ರುಚಿ ಇರಲಿಲ್ಲ ಎನ್ನುವುದು ತಪ್ಪು. ರುಚಿಗೆ ಆಧಾರವಾಗಿದ್ದ ಗುರುತು ತಪ್ಪಿಹೋಯಿತು.

ಅರ್ಪಿಸುವುದು ಬೇರೆ, ಜೋಡಿಸುವುದು ಬೇರೆ ಎಂದು ವಾದಿಸಬಹುದು. ಈ ಆಕ್ಷೇಪ ಗಟ್ಟಿಯಾದದ್ದು. ಪತ್ರಿಯನ್ನು ಯಾರೂ ಓರೆ ನೋಡಿ ನಿಲ್ಲಿಸುವುದಿಲ್ಲ. ಆದರೆ ಇಕೆಬಾನವೂ ಮೊದಲು ಅರ್ಪಣೆಯೇ. ಬೌದ್ಧಧರ್ಮದೊಡನೆ ಭಾರತದಿಂದ ಚೀನಾ, ಕೊರಿಯಾಗಳ ಮೂಲಕ ಜಪಾನಿಗೆ ಹೋದ ಪುಷ್ಪಪೂಜೆಯಿಂದ ಅದು ಬೆಳೆಯಿತು. ಕ್ಯೋಟೋದ ರೊಕ್ಕಾಕುದೋ ದೇಗುಲದ ಇಕೆನೊಬೊ ಪುರೋಹಿತರೇ ಅದರ ಮೊದಲ ಆಚಾರ್ಯರು. 1462ರ ಒಂದು ದಿನಚರಿ ಇಕೆನೊಬೊ ಸೆಂಕೇ ಜೋಡಿಸಿದ ಹೂಗಳನ್ನು ನೋಡಲು ಜನ ನೆರೆದದ್ದನ್ನು ದಾಖಲಿಸುತ್ತದೆ. ಅರ್ಪಣೆ ಅಲ್ಲಿ ಕಲೆಯಾದದ್ದು ಜನಾಂಗದ ಗುಣದಿಂದಲ್ಲ, ಸಂಸ್ಥೆಗಳಿಂದ. ಮನೆಯ ಗೋಡೆಯಲ್ಲಿ ತೊಕೊನೊಮಾ ಎಂಬ ಗೂಡು ಬಂತು, ದೇವರಿಲ್ಲದೆಯೂ ಹೂವಿಗೊಂದು ಜಾಗವಾಯಿತು. ಚಹಾಕೂಟ ಒಂದೇ ಹೂವನ್ನು ನೋಡುವ ಶಿಸ್ತು ಕಲಿಸಿತು. ವಂಶಪಾರಂಪರ್ಯದ ಗುರುಪೀಠಗಳು ಪಾಠಕ್ರಮ ಕಟ್ಟಿದವು. ಮೇಯ್ಜಿ ಕಾಲದಲ್ಲಿ ಅದು ಹೆಣ್ಣುಮಕ್ಕಳ ಶಾಲೆಗೆ ಹೋಯಿತು. ಮುಂಬಯಿಯ ಖೋಲಿಯಲ್ಲಿ ಗೂಡೊಂದು ಇತ್ತು, ದೇವ್ಹಾರಾ. ಅದು ದೇವರಿಗೇ ಸಾಲದಾಗಿತ್ತು. ಜಾಗವಿಲ್ಲವೆಂಬ ವಾದಕ್ಕೂ ಉತ್ತರ ಇಲ್ಲೇ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಓಹಾರಾ ಉನ್‌ಶಿನ್ ತಗ್ಗಿನ ತಟ್ಟೆಯಲ್ಲಿ, ಗಿಡ್ಡ ಕಡ್ಡಿಗಳಲ್ಲಿ ಮಾಡುವ ಮೊರಿಬಾನಾ ಶೈಲಿಯನ್ನು ರೂಪಿಸಿದ. ಗೂಡಿಲ್ಲದ ಹೊಸ ಬಗೆಯ ಕೋಣೆಗಳಲ್ಲೂ ಅದು ಹೊಂದಿತು. ಹೊಸ ಬಗೆಯ ಮನೆಗೆ ತಕ್ಕಂತೆ ಕಲೆ ತನ್ನನ್ನು ಬದಲಿಸಿಕೊಂಡಿತು. ಒಂದು ಊಟದ ತಟ್ಟೆಯ ಜಾಗ ಕೇಳುವ ಕಲೆಗೆ ಮುಂಬಯಿಯ ಅಡ್ಡಿ ಚದರಡಿಯಲ್ಲಿಲ್ಲ.

ಪರದೇಶದ್ದು, ಶ್ರೀಮಂತರದ್ದು ಎಂಬ ದೂರೂ ಇದೆ. ಜಪಾನಿಗೂ ಮುಂಬಯಿಗೂ ನಂಟು ಬೆಸೆದದ್ದು ಹತ್ತಿ. 1893ರಲ್ಲಿ ಜಮ್ಷೆಟ್‌ಜಿ ಟಾಟಾ ಸಹಕಾರದಿಂದ ನಿಪ್ಪೊನ್ ಯೂಸೆನ್ ಕೈಶಾ ಮುಂಬಯಿ–ಜಪಾನ್ ಹಡಗುಮಾರ್ಗ ಆರಂಭಿಸಿತು. ಹತ್ತಿ ಕೊಳ್ಳುವ ಜಪಾನಿ ಕಂಪನಿಗಳು ಇಲ್ಲಿ ಕಚೇರಿ ತೆರೆದವು. ವರಳಿಯಲ್ಲಿ ಇಂದಿಗೂ ಜಪಾನಿ ಬೌದ್ಧ ಮಂದಿರವಿದೆ. ಆದರೆ ಇಕೆಬಾನವನ್ನು ಲೋಕಕ್ಕೆ ಹರಡಿದ್ದು ಎರಡನೆಯ ಮಹಾಯುದ್ಧದ ಅನಂತರದ ರಾಜತಾಂತ್ರಿಕ ಬಳಗ. ಅಮೆರಿಕದ ಸೇನಾಧಿಕಾರಿಯ ಪತ್ನಿ ಎಲೆನ್ ಗಾರ್ಡನ್ ಆಲೆನ್ 1956ರಲ್ಲಿ ಟೋಕಿಯೋದಲ್ಲಿ ಇಕೆಬಾನ ಇಂಟರ್‌ನ್ಯಾಷನಲ್ ಸ್ಥಾಪಿಸಿದರು. ಭಾರತದಲ್ಲೂ ಅದು ಕಾನ್ಸುಲೇಟು, ಕ್ಲಬ್ಬು, ಮಹಿಳಾ ಮಂಡಳಿಗಳ ದಾರಿಯಲ್ಲೇ ಬಂತು. ಕನ್ನಡಿಗರಿಗೆ ಪರಿಚಯವಾದದ್ದೂ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಸ್ಪರ್ಧೆಗಳಲ್ಲಿ. ಹಾಗಾಗಿ ದೂರಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಬಂದ ದಾರಿಯಿಂದಲೇ ಬಳಕೆಯನ್ನು ತೀರ್ಮಾನಿಸಬಾರದು. ದಸರೆಗೆ ವಾಹನಕ್ಕೂ ಯಂತ್ರಕ್ಕೂ ಏರುವ ಝೆಂಡು ಮೆಕ್ಸಿಕೋದ ಕಡೆಯದು, ದೇವಸ್ಥಾನದ ಅಂಗಳದ ದೇವಗಣಗಿಲೆ ಅಮೆರಿಕ ಖಂಡದ್ದು, ಸೊಸೈಟಿಯ ಗೇಟಿನ ಬೋಗನ್‌ವಿಲ್ಲಾ ಬ್ರೆಜಿಲ್‌ನದು, ಗುಲ್‌ಮೊಹರ್ ಮಡಗಾಸ್ಕರದ್ದು. ಗಿಡಗಳನ್ನು ಒಪ್ಪಿದ ಊರು ಅವನ್ನು ನಿಲ್ಲಿಸುವ ಕ್ರಮವನ್ನು ಒಪ್ಪಲಾರದೆ? ದುಬಾರಿ ಎನ್ನುವುದೂ ಅಂಗಡಿಯ ಹೂವಿಗೆ ಸಲ್ಲುವ ಮಾತು. ಸ್ವಂತ ಗಿಡದ ಕಡ್ಡಿಗೆ ಬೆಲೆಯಿಲ್ಲ. ಕೆಂಜಾನ್ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುತ್ತದೆ.

ಸಂಪ್ರದಾಯದ ಪರವಾಗಿ ಇನ್ನೊಂದು ಮಾತಿದೆ: ಹೂ ಇರುವುದು ಮುಡಿಗೆ, ದೇವರಿಗೆ; ಸುಮ್ಮನೆ ನೋಡಲಿಕ್ಕೆ ಕೊಯ್ಯುವುದು ಪೋಲು. ಮಾತು ಚೆಂದ, ಆದರೆ ಮುಡಿಯ ಚರಿತ್ರೆ ಎಲ್ಲರಿಗೂ ಸಮನಾದದ್ದಲ್ಲ. ಮುಡಿಯುವ ಹೂ ಯಾರಿಗೆ ಎಂಬುದನ್ನು ಮದುವೆ ತೀರ್ಮಾನಿಸುತ್ತಿತ್ತು. ವಿಧವೆಯಾದವಳಿಗೆ, ಅದೂ ತಲೆ ಬೋಳಿಸುವ ಪದ್ಧತಿಯಿದ್ದ ಜಾತಿಗಳಲ್ಲಿ, ಹೂವಿನ ಹಕ್ಕು ತಪ್ಪುತ್ತಿತ್ತು. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1889ರಲ್ಲಿ ಮುಂಬಯಿಯ ಚೌಪಾಟಿಯ ಬಳಿ ಶಾರದಾ ಸದನ ತೆರೆದದ್ದು ಇಂಥ ಹೆಣ್ಣುಮಕ್ಕಳಿಗಾಗಿಯೇ. ದೇವರ ಹೂವಿಗೂ ಮಡಿ, ಮೈಲಿಗೆ, ಜಾತಿಯ ಕಟ್ಟಳೆಗಳಿದ್ದವು. ನೀರಿನ ತಟ್ಟೆಯಲ್ಲಿ ನಿಂತ ರೆಂಬೆ ಮಾಡುವವಳ ಕೊರಳಿನ ತಾಳಿಯನ್ನಾಗಲಿ ಕುಲವನ್ನಾಗಲಿ ಕೇಳುವುದಿಲ್ಲ. ಪೋಲಿನ ಲೆಕ್ಕಕ್ಕೆ ಬಂದರೂ, ಹಬ್ಬದ ಮರುದಿನ, ಪೂಜೆಯಾದ ಹೂ ಹಾಕುವ ನಿರ್ಮಾಲ್ಯದ ಕಲಶಗಳು ತುಂಬಿ ಸುರಿಯುವ ಊರಿನಲ್ಲಿ ಮೂರು ಕಡ್ಡಿಯ ಜೋಡಣೆಯನ್ನು ದುಂದು ಎನ್ನುವುದು ನ್ಯಾಯವಲ್ಲ.

ಕಡೆಯ ಆಕ್ಷೇಪ ನೆಲದ್ದು: ಮಹಡಿ ಮನೆಯಲ್ಲಿ ಹಿತ್ತಲೆಲ್ಲಿ? ಮುಂಬಯಿಯ ಹಿತ್ತಲು ಇಂದು ಕಿಟಕಿಯ ಗ್ರಿಲ್, ಬಾಲ್ಕನಿ, ಟೆರೇಸು, ಸೊಸೈಟಿಯ ಕಾಂಪೌಂಡಿನ ಅಂಚು. ಅಲ್ಲಿ ನಂದಿಬಟ್ಟಲು, ದಾಸವಾಳ, ಕರವೀರ, ಕ್ರೋಟನ್ ಬೇಡವೆಂದರೂ ಬೆಳೆಯುತ್ತವೆ. ಚಳಿಗಾಲದಲ್ಲಿ ದೇವಗಣಗಿಲೆ ಎಲೆ ಉದುರಿಸಿ ಬರೀ ಕೊಂಬೆಯಾಗಿ ನಿಲ್ಲುತ್ತದೆ, ಇಕೆಬಾನಕ್ಕೆ ಅದಕ್ಕಿಂತ ಒಳ್ಳೆಯ ಗೆರೆ ಬೇಕಿಲ್ಲ. ಗುಲ್‌ಮೊಹರಿನ ಒಣಕಾಯಿ, ಮಳೆಗಾಲದ ಜರಿಗಿಡ ಪುಕ್ಕಟೆ. ಕುಂಡದ ಗಿಡಕ್ಕೆ ಸವರುವಿಕೆ ಬೇಕೇ ಬೇಕು. ಸವರಿದ ಕಡ್ಡಿಯೇ ಇಲ್ಲಿ ಸಾಮಗ್ರಿ. ಕಾಂಪೌಂಡಿನ ಮರದ ಮಾತು ಬೇರೆ. ನಗರಪ್ರದೇಶದ ಮರಗಳ ರಕ್ಷಣೆಗೆ ಮಹಾರಾಷ್ಟ್ರ 1975ರಲ್ಲಿ ತಂದ ಕಾಯ್ದೆಯಂತೆ ವೃಕ್ಷ ಪ್ರಾಧಿಕಾರದ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ಆದ್ದರಿಂದ ಮರದಿಂದ ಬಿದ್ದದ್ದು, ಪಾಲಿಕೆಯವರು ಮಳೆಗಾಲಕ್ಕೆ ಮುಂಚೆ ಸವರಿ ರಾಶಿ ಹಾಕಿದ್ದು ಮಾತ್ರ ನಮ್ಮದು. ಈ ನಿರ್ಬಂಧ ಕಲೆಗೆ ವಿರೋಧವೇನೂ ಅಲ್ಲ. ಇರುವುದರಲ್ಲಿ ಆರಿಸುವುದೇ ಅದರ ಮೂಲ ಶಿಸ್ತು.

ಇಷ್ಟಾದರೂ ಇಕೆಬಾನ ಮುಂಬಯಿಯ ತೋಟಗಳನ್ನು ಉಳಿಸುತ್ತದೆಂದು ಹೇಳಲಾಗದು. ನೆಲ ಉಳಿಯುವುದು ನೆಲಕ್ಕಾಗಿ ಹೋರಾಡಿದರೆ. 1980ರ ದಶಕದ ಕೊನೆಗೆ ವಸಯಿಯ ಹಸಿರು ಪಟ್ಟಿ ಕಟ್ಟಡಗಾರರ ಪಾಲಾಗತೊಡಗಿದಾಗ ಫಾದರ್ ಫ್ರಾನ್ಸಿಸ್ ದಿಬ್ರಿಟೋ ಮುಂದಾಳತ್ವದಲ್ಲಿ ಹರಿತ್ ವಸಯಿ ಸಂರಕ್ಷಣ ಸಮಿತಿ ಬೀದಿಗಿಳಿದದ್ದರಿಂದಲೇ ಮುಂಬಯಿಗೆ ಇಂದೂ ವಸಯಿಯ ಒಂದಿಷ್ಟು ಹೂ ಬರುತ್ತಿದೆ. ಆದರೆ ಇಂಥ ಹೋರಾಟಕ್ಕೆ ನಗರದ ಒಳಗಿನಿಂದ ಬೆಂಬಲ ಬೇಕಾದರೆ, ಹೂ ಗಿಡದಲ್ಲಿ ಬೆಳೆಯುತ್ತದೆ ಎಂಬ ಅರಿವು ಕಿಲೋ ಲೆಕ್ಕದಲ್ಲಿ ಕೊಳ್ಳುವವರಿಗೂ ಇರಬೇಕು. ಕಂದಾಯದ ಪುಸ್ತಕ ಎಣಿಸದ ಗಿಡಗಳನ್ನು ನಕ್ಷೆ ಅಳಿಸಿತು. ನಕ್ಷೆ ಅಳಿಸಿದ ಗಿಡಗಳ ಜಾಗಕ್ಕೆ ಪೇಟೆ ದೇಟಿಲ್ಲದ ಹೂ ತಂದಿತು. ಸ್ವಂತ ಕುಂಡದ ಕಡ್ಡಿಯನ್ನು ಕತ್ತರಿಸಿ ನಿಲ್ಲಿಸುವವರು ಈ ಸರಪಳಿಯ ಕೊನೆಯ ಕೊಂಡಿಯನ್ನಾದರೂ ಹಿಂದಕ್ಕೆ ತಿರುಗಿಸುತ್ತಾರೆ: ಬಳಸುವ ಕೈಯೇ ಬೆಳೆಸುವ ಕೈಯೂ ಆಗುತ್ತದೆ. ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಲು ಹೊರಟ ಪ್ರತಿ ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಪಾರ್ಕಿಂಗಿನ ಲೆಕ್ಕ ಕೇಳುವವರು ಇರುತ್ತಾರೆ. ಬೇಲಿಯ ಗಿಡಗಳ ಪಟ್ಟಿ ಎಲ್ಲಿ ಎಂದು ಕೇಳುವವರು ಹುಟ್ಟಬೇಕಾದರೆ, ಆ ಗಿಡಗಳಿಂದ ಮನೆಯೊಳಗೆ ಏನೋ ಒಂದು ಕೆಲಸ ನಡೆಯುತ್ತಿರಬೇಕು.